ಬೆನ್ನಿಗೆ ಹತ್ತಿದ ಮಣ್ಣು

ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಮೈದಾನ, ಏಳಕ್ಕೆ ಸ್ನಾನ, ಏಳೂವರೆಗೆ ತಿಂಡಿ, ಒಂಬತ್ತೂವರೆಗೆ ಶಾಲೆಯ ಗೇಟು, ಸಂಜೆ ಆರಕ್ಕೆ ಟೀವಿಯಲ್ಲಿ ಕುಸ್ತಿ. ಚಳ್ಳಕೆರೆಯ ಪ್ರೌಢಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದಾಗ ನನ್ನ ದಿನ ಹೀಗೆ ನಡೆಯುತ್ತಿತ್ತು. ಕೊನೆಯ ಬಾಬತ್ತೊಂದರ ಬಗ್ಗೆ ಮಾತ್ರ ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಮ್ಮ ಬೀದಿಗೆ ಕೇಬಲ್ ಬಂತು. ಕರಿ ವೈರು ಒಂದು ಮನೆಯ ಮಾಳಿಗೆಯಿಂದ ಇನ್ನೊಂದರ ಮಾಳಿಗೆಗೆ ಹಾದು, ನಡುವೆ ಬೇವಿನ ಕೊಂಬೆಯೊಂದಕ್ಕೆ ಸುತ್ತಿಕೊಂಡು, ನಮ್ಮ ಕಿಟಕಿಯೊಳಗೆ ಇಳಿಯಿತು. ಮೊದಲ ಸಂಜೆ ಚಾನೆಲ್ಲು ತಿರುಗಿಸುತ್ತಿದ್ದಾಗ ಇಬ್ಬರು ಭಾರೀ ಆಳುಗಳು ಹಗ್ಗದ ಚೌಕದೊಳಗೆ ಒಬ್ಬರನ್ನೊಬ್ಬರು ಎತ್ತಿ ಎಸೆಯುವುದು ಕಂಡಿತು. ರಿಮೋಟು ಕೆಳಗಿಟ್ಟೆ. ಆಮೇಲೆ ಹತ್ತು ವರ್ಷ ಆರು ಗಂಟೆಯ ಹೊತ್ತಿಗೆ ಅದನ್ನು ಯಾರ ಕೈಗೂ ಕೊಡಲಿಲ್ಲ.

“ಅವರೇನು ನಿಜವಾಗ್ಲೂ ಬಡಿದಾಡ್ತಾರೇನ್ರೀ?” ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. “ಸುಳ್ಳು ಬಡಿದಾಟ ನೋಡೋಕೆ ಪುರುಸೊತ್ತೈತೆ. ಗ್ಯಾಸ್ ಮುಗಿದೈತೆ ಅಂದ್ರೆ ಕಿವಿ ಕೇಳಲ್ಲ.”

“ಬಡಿಯೋದು ಸುಳ್ಳು. ಬೀಳೋದು ನಿಜ ಕಣೇ.”

ಆ ಕುಸ್ತಿಯ ಬಗ್ಗೆ ನನ್ನ ಅಭಿಪ್ರಾಯ ಅಂದಿಗೂ ಇಂದಿಗೂ ಅಷ್ಟೇ. ಯಾರು ಗೆಲ್ಲಬೇಕು ಎಂಬುದು ಒಳಗೆ ಮೊದಲೇ ತೀರ್ಮಾನವಾಗಿರುತ್ತದೆ. ಇದು ನನಗೆ ಎರಡನೇ ವಾರಕ್ಕೇ ತಿಳಿಯಿತು. ಆದರೆ ನೂರಿಪ್ಪತ್ತು ಕೆ.ಜಿ. ದೇಹ ಆರಡಿ ಮೇಲಿಂದ ಹಲಿಗೆಯ ಮೇಲೆ ಬೀಳುವುದನ್ನು ಯಾರೂ ತೀರ್ಮಾನ ಮಾಡಿ ತಪ್ಪಿಸಲಾರರು. ಗದ್ದ ಎದೆಗೆ ಒತ್ತಿರಬೇಕು, ಉಸಿರು ಹೊರಗೆ ಬಿಟ್ಟಿರಬೇಕು, ಎರಡೂ ಅಂಗೈ ಒಟ್ಟಿಗೆ ನೆಲಕ್ಕೆ ಹೊಡೆಯಬೇಕು. ಎತ್ತರ ಜಿಗಿತದ ಮಕ್ಕಳಿಗೆ ನಾನು ವರ್ಷಗಟ್ಟಲೆ ಹೇಳಿದರೂ ಬಾರದ ಪಾಠ ಅದು. ನನ್ನ ಮೆಚ್ಚಿನವನು ಬಹುಮಾನದ ಬೆಲ್ಟು ಹೊತ್ತವನಲ್ಲ. ಗಡ್ಡದ, ಹೊಟ್ಟೆಯ, ವಾರವಾರವೂ ಹೊಸಬರಿಗೆ ಸೋಲುವ ಒಬ್ಬ ದಪ್ಪನೆಯ ಮನುಷ್ಯ. ಅವನು ಬಿದ್ದರೆ ಎದುರಾಳಿ ಭೀಮನಂತೆ ಕಾಣುತ್ತಿದ್ದ. ಆ ಹೊಸ ಹುಡುಗನಿಗೆ ಅಷ್ಟು ಬಲ ಇಲ್ಲವೆಂಬುದು ಗಡ್ಡದವನಿಗೂ ಗೊತ್ತು, ನನಗೂ ಗೊತ್ತು.

ಅವರ ವ್ಯಾಪಾರವೂ ನನಗೆ ಅರ್ಥವಾಗುತ್ತಿತ್ತು. ಒಂದು ಜಗಳವನ್ನು ಒಂದೇ ದಿನ ಮುಗಿಸುವುದಿಲ್ಲ. ಈ ವಾರ ಬೆನ್ನಿಗೆ ಕುರ್ಚಿಯಿಂದ ಹೊಡೆದು ಓಡುತ್ತಾನೆ, ಮುಂದಿನ ವಾರ ಕಾರಣ ಹೇಳುತ್ತಾನೆ, ಅದರ ಮುಂದಿನ ವಾರ ಸೇಡು. ನಮ್ಮ ಸಂತೆಯ ಬಳೆಗಾರ ಒಂದು ಡಜನ್ ತೋರಿಸಿ ಇನ್ನೊಂದನ್ನು ಮುಂದಿನ ವಾರ ತರುತ್ತೇನೆ ಎನ್ನುವುದೂ ಇದೇ ಲೆಕ್ಕಾಚಾರ. ನನಗೆ ಸರಿಬಾರದ್ದು ಎರಡು. ತಲೆಗೆ ಕುರ್ಚಿ ಹಾಕುವುದು ಒಂದು. ಅದರಲ್ಲಿ ಕಲೆ ಇಲ್ಲ, ಪೆಟ್ಟು ಮಾತ್ರ ಇದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಮೈಕು ಹಿಡಿದು ಮಾತಾಡುವುದೂ ವಿಪರೀತವಾಯಿತು. ಅರ್ಧ ಗಂಟೆ ಭಾಷಣ, ನಾಲ್ಕು ನಿಮಿಷ ಕುಸ್ತಿ. ನಮ್ಮ ಶಾಲಾ ವಾರ್ಷಿಕೋತ್ಸವದ ಹಾಗೆ.

ಆ ಪೈಲ್ವಾನರ ಚಿತ್ರಗಳ ಕಾರ್ಡುಗಳನ್ನು ಮಕ್ಕಳು ತರಗತಿಗೆ ತರುತ್ತಿದ್ದರು. ನಿಯಮದಂತೆ ಕಿತ್ತುಕೊಂಡು ಡ್ರಾಯರಿನಲ್ಲಿ ತೂಕದ ಪ್ರಕಾರ ಜೋಡಿಸಿಡುತ್ತಿದ್ದೆ. ಎತ್ತರದ ಪ್ರಕಾರ ಜೋಡಿಸಿದರೆ ಪ್ರಯೋಜನವಿಲ್ಲ. ಅಚ್ಚು ಹಾಕುವವರು ಎಲ್ಲರಿಗೂ ಎರಡು ಅಂಗುಲ ಸೇರಿಸಿರುತ್ತಾರೆ. ವರ್ಷದ ಕೊನೆಯ ದಿನ ಎಲ್ಲವನ್ನೂ ವಾಪಸ್ ಕೊಡುತ್ತಿದ್ದೆ. ಗಡ್ಡದವನದ್ದನ್ನು ಮಾತ್ರ ಕೊಟ್ಟಿಲ್ಲ.

ಈ ಅಭಿಪ್ರಾಯಗಳನ್ನೆಲ್ಲ ಪೂರ್ತಿ ಕೇಳಿಸಿಕೊಂಡು ಒಂದನ್ನೂ ಒಪ್ಪದ ಗೆಳೆಯರೊಬ್ಬರು ನನಗಿದ್ದರು. ಮೊಳಕಾಲ್ಮೂರಿನವರು, ರೇಷ್ಮೆ ಸೀರೆ ನೇಯುವವರು. ಬೆಳಿಗ್ಗೆ ಎರಡು ಗಂಟೆ ಗರಡಿಯಲ್ಲಿ ಹುಡುಗರಿಗೆ ಪಟ್ಟು ಕಲಿಸಿ, ಉಳಿದ ದಿನವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಎರಡು ತಾಲ್ಲೂಕಿನಲ್ಲೂ ಅವರನ್ನು ಎಲ್ಲರೂ ಪೈಲ್ವಾನರು ಎಂದೇ ಕರೆಯುತ್ತಿದ್ದರು. ಇಪ್ಪತ್ತೈದು ವರ್ಷ ಕುಸ್ತಿ ಆಡಿ ಒಮ್ಮೆಯೂ ಬೆನ್ನಿಗೆ ಮಣ್ಣು ಹತ್ತಿಸಿಕೊಂಡವರಲ್ಲ. ನಮ್ಮ ಕಡೆಯ ಕುಸ್ತಿಗೆ ಇರುವುದು ಅದೊಂದೇ ಕಾನೂನು. ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಎಣಿಕೆ ಇಲ್ಲ, ಎರಡನೇ ಅವಕಾಶವಿಲ್ಲ. ಸೋತವನು ಎದ್ದು ಕೈಕುಲುಕಿ ಹೊರಗೆ ನಡೆಯಬೇಕು. ಅವರ ಹಲವು ಕುಸ್ತಿಗಳಿಗೆ ನಾನೇ ಸೀಟಿ ಊದಿದ್ದೆ.

ಒಂದು ಭಾನುವಾರ ನಮ್ಮ ಮನೆಗೆ ಬಂದವರು ಅರ್ಧ ಗಂಟೆ ಟೀವಿ ನೋಡಿದರು.

“ಮೇಷ್ಟ್ರೇ, ಅವನು ಬಿದ್ದು ಮೂರು ಸಲ ಆತು. ಮತ್ತೆ ಯಾಕೆ ಎದ್ದು ನಿಂತವ್ನೆ?”

“ಅಲ್ಲಿ ಬೆನ್ನು ತಾಗಿದ್ರೆ ಸೋತಂಗಲ್ಲ ಪೈಲ್ವಾನ್ರೇ. ಹಿಡಿದು ಅದುಮಿ ಮೂರು ಎಣಿಸ್ಬೇಕು. ಅಷ್ಟರೊಳಗೆ ಭುಜ ಎತ್ತಿದ್ರೆ ಉಳ್ಕಂಡ.”

“ನಾಚಿಕೆ ಅನ್ನೋದು ಇಲ್ವೇನ್ರಿ ಅವರಿಗೆ?” ಎಂದರು. ಆಮೇಲೆ ದನಿ ತಗ್ಗಿಸಿ, “ನಮ್ಮ ಗರಡಿಗೆ ಹನ್ನೆರಡು ಜನ ಬರ್ತಿದ್ರು. ಈಗ ನಾಕೇ ಜನ. ಉಳಿದೋರು ಮನೇಲಿ ಹಾಸಿಗೆ ಮ್ಯಾಲೆ ಹಾರ್ತಾ ಅವ್ರೆ. ನಾನು ಸತ್ತ ಮ್ಯಾಲೆ ಅದನ್ನ ನೂಲಿನ ಗೋಡೌನ್ ಮಾಡ್ತಾರೆ” ಎಂದರು.

ನನ್ನ ತಲೆಗೆ ಆಗ ಹೊಳೆದದ್ದು ಇಷ್ಟು. ಹುಡುಗರಿಗೆ ಟೀವಿ ಕುಸ್ತಿಯೇ ಬೇಕಾದರೆ ಅದನ್ನೇ ಒಂದು ದಿನ ಕಣ್ಣೆದುರು ತೋರಿಸೋಣ. ಹಗ್ಗದ ಚೌಕ, ಎಣಿಕೆ, ಎತ್ತಿ ಹಾಕುವುದು, ಎಲ್ಲವೂ ಇರಲಿ. ಆಡುವವರು ಪೈಲ್ವಾನರೇ ಆದರೆ ನೋಡಿದ ಹುಡುಗರು ಅವರ ಹಿಂದೆ ಗರಡಿಗೆ ಬರುತ್ತಾರೆ. ಪೈಲ್ವಾನರು ಎರಡು ವಾರ ಒಪ್ಪಲಿಲ್ಲ. ಮೂರನೇ ವಾರ ಎರಡು ಷರತ್ತು ಹಾಕಿದರು.

“ಹಲಿಗೆ ಮ್ಯಾಲೆ ಆಡಲ್ಲ, ನಮ್ಮ ಗರಡಿ ಮಣ್ಣು ಹಾಕಿಸ್ಬೇಕು. ಇನ್ನೊಂದು, ನನ್ನ ಬೆನ್ನು ತಾಗಿದ್ರೆ ಸೋತ ಅಂತ ಒಬ್ಬನೂ ಅನ್ನಬಾರ್ದು. ಇದು ನಿಮ್ಮ ಮಾತಿನ ಮ್ಯಾಲೆ.”

“ಮೂರು ಎಣಿಸೋ ತನಕ ಸೋಲಿಲ್ಲ. ಎಣಿಸೋನೇ ನಾನು. ಇನ್ನೇನು ಬೇಕು?”

ಎದುರಾಳಿಯಾಗಿ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಹಮಾಲಿಯನ್ನು ಹಿಡಿದೆವು. ಇಪ್ಪತ್ತಾರು ವಯಸ್ಸು, ಶೇಂಗಾ ಚೀಲವನ್ನು ದಿಂಬಿನಂತೆ ಎತ್ತುವ ಆಳು, ಸ್ವಭಾವದಲ್ಲಿ ಹಸು. ಮಿಲ್ಲಿನ ಹಿಂದೆ ಶೇಂಗಾ ಹೊಟ್ಟಿನ ಗುಡ್ಡೆ ಇತ್ತು. ಪೈಲ್ವಾನರು ಗರಡಿಗೆ ರಜೆ ಕೊಟ್ಟು ನಮ್ಮ ಮನೆಯಲ್ಲೇ ಉಳಿದುಕೊಂಡರು; ಆ ಗುಡ್ಡೆಯ ಮೇಲೆ ಎಂಟು ದಿನ, ಬೆಳಿಗ್ಗೆ ಆರರಿಂದ ಏಳರವರೆಗೆ ಅಭ್ಯಾಸ. ನಾನು ಪಟ್ಟಿ ಬರೆದುಕೊಂಡಿದ್ದೆ: ಮೂರನೇ ನಿಮಿಷಕ್ಕೆ ಪೈಲ್ವಾನರು ಬೀಳುವುದು, ಎರಡರ ಎಣಿಕೆಗೆ ಏಳುವುದು, ಎಂಟನೇ ನಿಮಿಷಕ್ಕೆ ಮತ್ತೊಮ್ಮೆ, ಹದಿನೈದನೇ ನಿಮಿಷಕ್ಕೆ ಹಮಾಲಿಯನ್ನು ಎತ್ತಿ ಹಾಕಿ ಗೆಲ್ಲುವುದು. ಮೊದಲ ದಿನ ಹೊಟ್ಟಿನ ಮೇಲೆ ಬಿದ್ದಾಗ ಪೈಲ್ವಾನರು ಚಿಕ್ಕ ಮಗುವಿನಂತೆ ನಕ್ಕುಬಿಟ್ಟರು. ಐವತ್ತು ದಾಟಿದ ಮನುಷ್ಯ ಜೀವನದಲ್ಲಿ ಮೊದಲ ಸಲ ಬೀಳುತ್ತಿದ್ದರು.

“ಪೈಲ್ವಾನ್ರೇ, ಪೆಟ್ಟಾತಾ?” ಎಂದು ಹಮಾಲಿ ಗಾಬರಿಯಿಂದ ಕೇಳಿದ.

“ಇಲ್ಲೋ ಮಾರಾಯ. ಕಚಗುಳಿ ಆಗ್ತೈತೆ. ಇನ್ನೊಂದು ಸಲ ಎತ್ತು.”

ನಾನೂ ನಕ್ಕೆ. ಹೊಟ್ಟಿನ ಮೇಲೆ ಬಿದ್ದವರನ್ನು ನೋಡಿ ಒಂದು, ಎರಡು ಎಂದು ಎಣಿಸುವುದು ನನಗೆ ಸಲೀಸಾಗಿ ಬಂತು. ತಪ್ಪು ಎಲ್ಲಿ ಕೂತಿದೆ ಎಂದು ಆ ಎಂಟು ದಿನದಲ್ಲಿ ನಮಗಾರಿಗೂ ಕಾಣಲಿಲ್ಲ.

ಆಟದ ದಿನ ಶಾಲೆಯ ಮೈದಾನದಲ್ಲಿ ಸಂಜೆ ನಾಲ್ಕಕ್ಕೆ ಸರಿಯಾಗಿ ಶುರುವಾಯಿತು. ಗರಡಿಯಿಂದ ಟ್ರ್ಯಾಕ್ಟರಿನಲ್ಲಿ ತಂದ ಕೆಂಪು ಮಣ್ಣು ಹರಡಿಸಿದ್ದೆವು. ಎಣ್ಣೆ, ಮಜ್ಜಿಗೆ, ಅರಿಸಿನ ಕುಡಿದು ಹದವಾದ ಮಣ್ಣು. ಅದರ ವಾಸನೆ ಗೇಟಿನವರೆಗೆ ಬರುತ್ತಿತ್ತು. ಸುತ್ತ ನಾಲ್ಕು ಗೂಟ, ಮೂರು ಸುತ್ತು ಹಗ್ಗ. ಒಂದು ಬದಿಗೆ ಹುಡುಗರ ಗುಂಪು, ಇನ್ನೊಂದು ಬದಿಗೆ ರಾಂಪುರ, ಸಿದ್ದಾಪುರದ ಕಡೆಯಿಂದ ಬಂದಿದ್ದ ಹಳೆಯ ಕುಸ್ತಿಪ್ರಿಯರು. ಮುಂದಿನ ಸಾಲಿನಲ್ಲಿ ಗರಡಿಯ ನಾಲ್ಕು ಶಿಷ್ಯರು. ಮೈಕಿನಲ್ಲಿ ನಾನೇ ಕಾನೂನು ಹೇಳಿದೆ: ಮೂರು ಎಣಿಸಿದರೆ ಮಾತ್ರ ಸೋಲು. ಎರಡು ಸಲ ಹೇಳಿದೆ. ಸೀಟಿ ಊದಿ ಆಟ ಶುರು ಮಾಡಿದೆ.

ಎರಡು ನಿಮಿಷ ಚೆನ್ನಾಗಿ ನಡೆಯಿತು. ಮೂರನೇ ನಿಮಿಷಕ್ಕೆ ಹಮಾಲಿ, ಕಲಿಸಿದ ಹಾಗೆಯೇ, ಪೈಲ್ವಾನರ ಸೊಂಟ ಹಿಡಿದು ಎತ್ತಿ ಮೆತ್ತಗೆ ಅಂಗಾತ ಹಾಕಿದ. ಧಪ್ಪೆಂದು ಶಬ್ದವಾಯಿತು. ಮಣ್ಣು ಎದ್ದಿತು. ನಾನು ಮಂಡಿಯೂರಿ ನೆಲಕ್ಕೆ ಅಂಗೈ ಬಡಿದು ಎಣಿಸಬೇಕಿತ್ತು. ಅದರ ಬದಲು ಮೈದಾನದ ತುಂಬ ಒಂದು ಉದ್ದನೆಯ ಸೀಟಿ ಕೇಳಿಸಿತು. ಊದಿದವನು ನಾನೇ ಎಂದು ತಿಳಿಯುವಷ್ಟರಲ್ಲಿ ನನ್ನ ಬಲಗೈ ಹಮಾಲಿಯ ಕಡೆ ಚಾಚಿಕೊಂಡಿತ್ತು. ಮೂವತ್ತು ವರ್ಷ ಆ ಮಣ್ಣಿನ ಮೇಲೆ ಬೆನ್ನು ಕಂಡಾಗೆಲ್ಲ ಊದಿದ ಬಾಯಿ. ಅದಕ್ಕೆ ಟೀವಿಯ ಕಾನೂನು ಗೊತ್ತಿರಲಿಲ್ಲ.

ಎರಡೂ ಬದಿಯವರು ಒಟ್ಟಿಗೆ ಎದ್ದರು.

“ಸಾರ್, ಎಣಿಸ್ರೀ ಸಾರ್! ಒಂದೂ ಎಣಿಸ್ಲಿಲ್ಲ!”

“ಏನ್ಲೇ ಎಣಿಸೋದು? ಬೆನ್ನು ಪೂರಾ ಹತ್ತೈತೆ, ಚಿತ್ ಆತು!”

“ಲೆಯ್ ಮಾಮಾ, ಲೆಯ್!” ಎಂದು ರಾಂಪುರದವನೊಬ್ಬ ತೆಲುಗಿನಲ್ಲಿ ಪೈಲ್ವಾನರನ್ನು ಏಳು ಏಳು ಎಂದು ಕೂಗುತ್ತಿದ್ದ. ಹಮಾಲಿಯ ಮುಖ ಬಿಳುಚಿತ್ತು. ನಾನು ಕೈ ಹಿಡಿಯಲು ಹೋದರೆ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡ.

“ನಾನ್ ಗೆದ್ದಿಲ್ಲ ಸಾರ್. ನೀವು ಹೇಳ್ದಂಗೆ ಎತ್ತಿದೆ ಅಷ್ಟೇ. ನನ್ ಕೈ ಎತ್ತಬ್ಯಾಡ್ರಿ.”

ನನಗೆ ಆಗ ಕಣ್ಣೆದುರು ಇದ್ದದ್ದು ಒಂದೇ: ನಾನು ಕೊಟ್ಟ ಮಾತು. ಇಪ್ಪತ್ತೈದು ವರ್ಷ ಕಾಪಾಡಿಕೊಂಡ ಬೆನ್ನನ್ನು ಆ ಮನುಷ್ಯ ನನ್ನ ನಂಬಿಕೆಯ ಮೇಲೆ ಮಣ್ಣಿಗೆ ಇಟ್ಟಿದ್ದರು. ನಾನು ಮೂರು ನಿಮಿಷದಲ್ಲಿ ಅದನ್ನು ಕಳೆದಿದ್ದೆ. ಮೈಕು ಕಿತ್ತುಕೊಂಡೆ. “ತಪ್ಪು ನನ್ನದು, ಸೀಟಿ ಲೆಕ್ಕಕ್ಕಿಲ್ಲ, ಕುಸ್ತಿ ಮುಂದುವರಿಯುತ್ತದೆ” ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪೈಲ್ವಾನರು ಎದ್ದು ಬಂದು ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿದರು.

“ಬ್ಯಾಡ.”

“ಪೈಲ್ವಾನ್ರೇ, ನಾನು ಮಾತು ಕೊಟ್ಟಿದ್ದೆ.”

“ಕೊಟ್ಟಿದ್ರಿ. ಆದ್ರೆ ಊದಿದ ಸೀಟಿ ವಾಪಸ್ ತಗೋಬ್ಯಾಡ್ರಿ. ಆ ನಾಕು ಹುಡುಗ್ರು ನೋಡ್ತಾ ಅವ್ರೆ. ಬೆನ್ನು ಹತ್ತಿದ ಮ್ಯಾಲೂ ನಾನು ಎದ್ದು ಗುದ್ದಾಡಿದ್ರೆ, ನಾಳೆ ಬೆಳಿಗ್ಗೆ ಅವರಿಗೆ ಏನಂತ ಕಲಿಸ್ಲಿ?”

ಅವರು ಹಮಾಲಿಯ ಹತ್ತಿರ ಹೋದರು. ಬೆನ್ನ ಹಿಂದಿದ್ದ ಬಲಗೈಯನ್ನು ಎಳೆದು ಕುಲುಕಿದರು. ಆಮೇಲೆ ಅದೇ ಕೈಯನ್ನು ಎತ್ತಿ ಹಿಡಿದುಕೊಂಡು ಅಖಾಡದ ನಾಲ್ಕೂ ಮೂಲೆಗೆ ನಡೆಸಿದರು. ಹಮಾಲಿ ಗೊಳೋ ಎಂದು ಅಳುತ್ತಾ ಅವರ ಜೊತೆ ನಡೆದ. ಹಳಬರು ಮೊದಲು ಚಪ್ಪಾಳೆ ತಟ್ಟಿದರು, ಹುಡುಗರು ಆಮೇಲೆ. ಹತ್ತು ವರ್ಷ ಟೀವಿಯಲ್ಲಿ ಅಷ್ಟೊಂದು ಬೆಲ್ಟು, ಬೆಂಕಿ, ಸಿಡಿಮದ್ದು ನೋಡಿದ್ದೇನೆ. ಗೆದ್ದವನ ಕೈಯನ್ನು ಸೋತವನು ಹೀಗೆ ಊರಿಗೆಲ್ಲ ತೋರಿಸಿಕೊಂಡು ಬಂದದ್ದನ್ನು ಅಲ್ಲಿ ಕಂಡಿಲ್ಲ.

ಜನ ಚದುರಿದ ಮೇಲೆ ನಲ್ಲಿಯ ಹತ್ತಿರ ಬಕೆಟ್ಟು, ಸೋಪು, ಟವೆಲ್ಲು ಇಟ್ಟೆ. ಪೈಲ್ವಾನರು ಕೈಕಾಲು ಮುಖ ತೊಳೆದರು. ಬೆನ್ನು ತೊಳೆಯಲು ನಾನು ಚೊಂಬು ಎತ್ತಿದೆ. ಆ ಹೊತ್ತಿಗೂ ನನಗೆ ಮುಖ ಎತ್ತಲಾಗುತ್ತಿರಲಿಲ್ಲ.

“ಅದು ಇರ್ಲಿ ಬಿಡ್ರಿ” ಎಂದು ಪಕ್ಕಕ್ಕೆ ಸರಿದರು.

“ಅಂಗಿ ಕೊಳೆಯಾಗ್ತೈತೆ.”

“ಆಗ್ಲಿ. ಮದುವೆ ಆದಾಗಿಂದ ಕುಸ್ತಿ ಮುಗಿಸಿ ಮನೆಗೆ ಹೋದ ಕೂಡ್ಲೆ ನಮ್ಮವಳು ಅಂಗಿ ಬಿಚ್ಚು, ಬೆನ್ನು ತೋರ್ಸು ಅಂತಾಳೆ. ನೋಡ್ತಾಳೆ, ಏನೂ ಇರಲ್ಲ, ಒಳಗೆ ಹೋಗ್ತಾಳೆ. ಒಂದು ದಿನಾನೂ ಭೇಷ್ ಅಂದಿಲ್ಲ. ಇವತ್ತು ಏನಂತಾಳೆ ನೋಡ್ಬೇಕು.” ಹೇಳುತ್ತ ನಗಲು ಹೋದರು, ನಗು ಅರ್ಧಕ್ಕೆ ನಿಂತಿತು. ನನ್ನ ಭುಜದ ಮೇಲೆ ಕೈಯಿಟ್ಟು, “ಮೇಷ್ಟ್ರೇ, ನೀವು ಸರಿಯಾಗೇ ಊದಿದ್ರಿ. ಬೆನ್ನು ಹತ್ತಿತ್ತು” ಎಂದರು.

ಐದೂಮುಕ್ಕಾಲಿನ ಬಸ್ಸಿಗೆ ಅವರನ್ನು ಹತ್ತಿಸಲು ಹೋದೆ. ಆರು ಗಂಟೆಯ ಟೀವಿ ಆ ದಿನ ತಪ್ಪಿತು. ಅವರಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರು ಸೇರಲು ಒಂದು ಗಂಟೆಯ ಮೇಲೆ ಬೇಕು. ಬಸ್ಸು ಹೊರಟಾಗ ನೋಡಿದೆ: ಪೈಲ್ವಾನರು ಸೀಟಿಗೆ ಒರಗಿರಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನಿನ ಮಣ್ಣು ಉದುರದ ಹಾಗೆ ಮುಂದಕ್ಕೆ ಬಾಗಿ ಕೂತಿದ್ದರು.