ಹುಲ್ಲಿನ ಗಾಡಿಯ ಬೇರಿಂಗು, ನನ್ನ ಸಿಟ್ಟು

ನಮ್ಮ ಕಾಲೇಜಿನ ಎಸ್ಟೇಟ್ ಮ್ಯಾನೇಜರ್ ಕ್ಯಾಂಟೀನಿನಲ್ಲಿ ಎಲ್ಲರೆದುರು ನನ್ನ ಬಗ್ಗೆ ಆ ಮಾತು ಆಡಿದ ದಿನವೇ, ಇವರನ್ನು ಸುಮ್ಮನೆ ಬಿಡಬಾರದು ಎಂದುಕೊಂಡೆ.

"ಅಪ್ಪ ಯಶವಂತಪುರದ ಯಾರ್ಡಲ್ಲಿ ಮೂಟೆ ಹೊತ್ತ, ಮಗ ಡಿಗ್ರಿ ಹೊತ್ಕೊಂಡು ತಿರುಗ್ತಾನೆ. ಇಬ್ರದ್ದೂ ಹಮಾಲಿನೇ," ಎಂದಿದ್ದರು. ನಕ್ಕವರಲ್ಲಿ ದಿನಾ ನನ್ನ ಜೊತೆ ಊಟಕ್ಕೆ ಕೂರುವವರೂ ಇದ್ದರು. ನಾನೂ ನಕ್ಕೆ. ಎದ್ದು ಹೋಗಿದ್ದರೆ ಅವರು ಗೆದ್ದಂತಾಗುತ್ತಿತ್ತು.

ನನಗಿಂತ ಮೊದಲು ನಮ್ಮ ಮನೆಯಲ್ಲಿ ಯಾರೂ ಕಾಲೇಜು ಕಂಡವರಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುವಾಗ ಇಂಗ್ಲಿಷ್ ಪಾಠ ತಲೆಗೆ ಹೋಗದೆ, ಬೋರ್ಡಿನ ಮೇಲಿನ ಚಿತ್ರ ಮಾತ್ರ ಬರೆದುಕೊಂಡು ಬಂದು, ಮನೆಯಲ್ಲಿ ಡಿಕ್ಷನರಿ ಹಿಡಿದು ಕೂತವನು ನಾನು. ಆ ಡಿಗ್ರಿಯನ್ನು ಯಾರೂ ನನಗೆ ದಾನ ಕೊಟ್ಟಿಲ್ಲ.

ಬಾಗಲೂರು ಕಡೆಯ ಆ ಕಾಲೇಜಿನಲ್ಲಿ ನಾನು ಮೇಂಟೆನೆನ್ಸ್ ಇಂಜಿನಿಯರ್. ದೊಡ್ಡ ಮೈದಾನದ ಹುಲ್ಲು ಕತ್ತರಿಸಲೆಂದು ಕೂತು ಓಡಿಸುವ ಹಳೆಯ ಹುಲ್ಲಿನ ಗಾಡಿ ಇತ್ತು. ಅದರ ಹೊಟ್ಟೆಯ ಕೆಳಗೆ, ಬ್ಲೇಡುಗಳು ತಿರುಗುವ ಅಗಲವಾದ ಡೆಕ್ಕು. ಆ ಮಳೆಗಾಲದಲ್ಲಿ ಡೆಕ್ಕು ಕಿರುಗುಟ್ಟತೊಡಗಿತು. ಕತ್ತರಿಸಿದ ಹುಲ್ಲು ಒಂದು ಕಡೆ ಬೋಳು, ಒಂದು ಕಡೆ ಉದ್ದ. ಮ್ಯಾನೇಜರ್ ಕಾಯುತ್ತಿದ್ದದ್ದೇ ಇದಕ್ಕೆ. ಗಾಡಿಯನ್ನು ಗುಜರಿಗೆ ಹಾಕಿ, ಮೈದಾನವನ್ನೂ ನನ್ನ ವರ್ಕ್‌ಶಾಪನ್ನೂ ಹೊರಗಿನ ಕಾಂಟ್ರಾಕ್ಟರಿಗೆ ಒಪ್ಪಿಸೋಣ ಎಂದು ಪ್ರಿನ್ಸಿಪಾಲರ ಕಿವಿಗೆ ಹಾಕಿದರು. ವರ್ಕ್‌ಶಾಪ್ ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು. ಶುಕ್ರವಾರದವರೆಗೆ ಸಮಯ ಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಕೊಟ್ಟರು.

ಡೆಕ್ಕು ಬಿಚ್ಚಿ ಬ್ಲೇಡನ್ನು ಅಲ್ಲಾಡಿಸಿದರೆ ಬೀಳಲಿರುವ ಹಲ್ಲಿನಂತೆ ಆಡಿತು. ಬೇರಿಂಗ್ ಸವೆದಿತ್ತು. ಎಳೆದು ತೆಗೆದರೆ ಗ್ರೀಸ್ ಇರಬೇಕಾದಲ್ಲಿ ಕೆಂಪು ಕೆಸರು. ಕಾರಣ ತಕ್ಷಣ ಹೊಳೆಯಿತು. ಹೊಳೆದು ಖುಷಿಯೂ ಆಯಿತು. ಶುಕ್ರವಾರ ಗಾಡಿಗೆ ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ಅರಿಶಿನ ಕುಂಕುಮಕ್ಕೆ ನನ್ನ ತಕರಾರಿಲ್ಲ, ನಾನೂ ಊದಿನಕಡ್ಡಿ ಹಚ್ಚುವವನೇ. ಆದರೆ ಪೂಜೆಗೆ ಮುಂಚೆ ಡೆಕ್ಕಿನ ಒಳಭಾಗವೂ ಫಳಫಳ ಹೊಳೆಯಬೇಕೆಂದು, ಕಾರು ತೊಳೆಯುವ ಪ್ರೆಷರ್ ಪಂಪಿನಿಂದ ಮಾಲಿಯ ಕೈಲಿ ಕೆಳಗಿನಿಂದ ನೀರು ಹೊಡೆಸುತ್ತಿದ್ದವರು ಮ್ಯಾನೇಜರ್. ಆ ರಭಸಕ್ಕೆ ನೀರು ರಬ್ಬರ್ ಸೀಲ್ ದಾಟಿ ಬೇರಿಂಗಿನೊಳಗೆ ನುಗ್ಗುತ್ತದೆ. ಹಾಗೆ ತೊಳೆಯಬೇಡಿ ಎಂದು ಹಿಂದೊಮ್ಮೆ ಹೇಳಿದ್ದಕ್ಕೆ, ದೇವರ ಕೆಲಸಕ್ಕೂ ಇಂಜಿನಿಯರ್ ಅಡ್ಡ ಬರುತ್ತಾನೆ ಎಂದು ಆಡಿಕೊಂಡಿದ್ದರು.

ಹಳೆಯದರ ಮೇಲಿದ್ದ ನಂಬರ್ ನೋಡಿ ಹೊಸ ಬೇರಿಂಗುಗಳನ್ನು ತಂದೆ. ತಣ್ಣಗಾದರೆ ಚೂರು ಕುಗ್ಗಿ ಸಲೀಸಾಗಿ ಕೂರುತ್ತವೆ ಎಂದು ಕ್ಯಾಂಟೀನಿನ ಫ್ರೀಜರಿನಲ್ಲಿಟ್ಟೆ. ಹಾಲಿನ ಪಕ್ಕ ಕಬ್ಬಿಣ ಇಟ್ಟರೆ ಕಾಫಿಗೆ ಗ್ರೀಸ್ ವಾಸನೆ ಬರುತ್ತದೆ ಎಂದು ಕ್ಯಾಂಟೀನಿನ ಅಕ್ಕ ದಿನವಿಡೀ ಗೊಣಗಿದರು. ಬೇರಿಂಗ್ ಕೂರುವ ಗೂಡನ್ನು ಬಿಸಿ ಮಾಡಿ, ಬೇರಿಂಗಿನ ಹೊರಬಳೆಯ ಮೇಲೆ ಮಾತ್ರ ಒತ್ತು ಬೀಳುವಂತೆ ಸ್ಪ್ಯಾನರಿನ ಹಳೆಯ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿದೆ. ಒಳಬಳೆಗೆ ಪೆಟ್ಟು ಬಿದ್ದರೆ ಹೊಸದೂ ಅಲ್ಲೇ ಕೆಡುತ್ತದೆ. ತಟ್ಟುವಾಗಲೆಲ್ಲ ಮ್ಯಾನೇಜರ ಮುಖ ಕಣ್ಣಿಗೆ ಬರುತ್ತಿತ್ತು. ಆದರೂ ಕೈ ಜೋರು ಮಾಡಲಿಲ್ಲ. ಎಲ್ಲ ಜೋಡಿಸಿ ಬೆರಳಲ್ಲಿ ತಿರುಗಿಸಿದೆ. ಸದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಪ್ರಿನ್ಸಿಪಾಲರು ಮೈದಾನಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟು ಮ್ಯಾನೇಜರೂ ಬಂದರು. ಕ್ಯಾಂಟೀನಿನ ಗುಂಪು ವರಾಂಡದಲ್ಲಿ ನಿಂತಿತ್ತು. ನಾನು ಹಳೆಯ ಬೇರಿಂಗು ತೋರಿಸಿ, ನೀರು ಹೋಗಿ ಹೀಗಾಗಿದೆ ಎಂದೆ. ಯಾರು ಹೊಡೆದದ್ದು ಎಂದು ಪ್ರಿನ್ಸಿಪಾಲರು ಮಾಲಿಯನ್ನು ಕೇಳಿದರು.

"ನಾನೇ ಒಡ್ದಿದ್ದು ಸಾ. ಒಡಿ ಅಂದಿದ್ದು ಇವ್ರು," ಎಂದು ಮಾಲಿ ಮ್ಯಾನೇಜರ ಕಡೆ ಕೈ ತೋರಿಸಿದ.

"ನೀರಿಂದ ಗಾಡಿ ಕೆಡುತ್ತಾ ಸಾರ್? ವಯಸ್ಸಾಗಿದೆ ಅಷ್ಟೆ. ಈಗ್ಲೂ ಸೌಂಡ್ ಬಂದೇ ಬರುತ್ತೆ, ನೋಡ್ತಿರಿ," ಎಂದರು ಮ್ಯಾನೇಜರ್.

"ನಾನ್ ಓಡ್ಸಿದ್ರೆ ನೀವು ನಂಬಲ್ಲ. ನೀವೇ ಕೂತ್ಕೊಂಡ್ ಓಡಿಸಿ ಸಾರ್," ಎಂದೆ.

ಪ್ರಿನ್ಸಿಪಾಲರೂ ಹೂಂ ಅಂದರು. ಬೇರೆ ದಾರಿಯಿರಲಿಲ್ಲ, ಮ್ಯಾನೇಜರ್ ಹತ್ತಿ ಕೂತರು. ಮೈದಾನದ ಆಚೆ ತುದಿಗೆ ಹೋಗಿ ತಿರುಗಿ ಬಂದರು. ಅವರ ಹಿಂದೆ ಹುಲ್ಲು ಬಾಚಿದ ತಲೆಯಂತೆ ಒಂದೇ ಸಮ. ಒದ್ದೆ ಹುಲ್ಲಿನ ಚೂರು ಬಿಳಿ ಪ್ಯಾಂಟಿಗೆ ಮೊಣಕಾಲಿನವರೆಗೆ ಅಂಟಿತ್ತು.

"ಸೌಂಡ್ ಬಂತಾ ಸಾರ್?"

ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಇಂಜಿನ್ ಗಲಾಟೆಲಿ ಗೊತ್ತಾಗ್ಲಿಲ್ಲ ಸಾರ್. ಬಂತಾ?"

"ಇಲ್ಲ ಕಣ್ರೀ, ಬರ್ಲಿಲ್ಲ," ಎಂದು ಕೂಗಿ ಹೇಳಿದರು. ವರಾಂಡದವರೆಗೂ ಕೇಳಿಸಿತು.

ಗಾಡಿಯೂ ಇರಲಿ, ವರ್ಕ್‌ಶಾಪೂ ಇರಲಿ ಎಂದರು ಪ್ರಿನ್ಸಿಪಾಲರು. ಮ್ಯಾನೇಜರ್ ಇಳಿಯಲು ಕಾಲೆತ್ತಿದರು. ನನಗೆ ಅಷ್ಟು ಸಾಲಲಿಲ್ಲ.

"ಬೇರಿಂಗ್ ಬಿಸಿ ಆದ್ಮೇಲೇ ಸರಿಯಾಗಿ ಗೊತ್ತಾಗೋದು ಸಾರ್. ಇನ್ನೊಂದ್ ರೌಂಡ್ ಹೋಗ್ಬನ್ನಿ."

ಪ್ರಿನ್ಸಿಪಾಲರು ಇನ್ನೂ ಅಲ್ಲೇ ನಿಂತಿದ್ದರು. ಮ್ಯಾನೇಜರ್ ನನ್ನನ್ನು ಒಮ್ಮೆ ನೋಡಿ, ಕಾಲನ್ನು ಮತ್ತೆ ಒಳಗಿಟ್ಟರು. ಅವರು ಇಡೀ ಮೈದಾನ ಸುತ್ತಿ ಬರುವಷ್ಟು ಹೊತ್ತು ನಾನು ಹೊಂಗೆ ಮರದ ನೆರಳಲ್ಲಿ ನಿಂತು, ನಿಧಾನವಾಗಿ, ಒಂದೊಂದೇ ಬೆರಳು ಒರೆಸಿಕೊಂಡೆ.