ನಿಂತ ಕಲ್ಲು ಎಣಿಸಬ್ಯಾಡ

ಗುರುಪಾದಪ್ಪ ಮಾಸ್ತರರು ಹಿಂದಕ್ಕೆ ನಡೆಯುತ್ತಿದ್ದರು. ಸಾಲಿಯಲ್ಲಷ್ಟೇ ಅಲ್ಲ, ಸೇಡಂ ಪೇಟೆಯಲ್ಲೂ. ಯಾರಾದರೂ ಎದುರಿಗೆ ಸಿಕ್ಕು ಮಾತಾಡಿಸಿದರೆ, ಮಾತು ಮುಗಿದ ಮೇಲೂ ಬೆನ್ನು ತೋರಿಸದೆ ನಗುನಗುತ್ತ ಏಳೆಂಟು ಹೆಜ್ಜೆ ಹಿಂದಕ್ಕೇ ಸರಿದು ಆಮೇಲೆ ತಿರುಗುತ್ತಿದ್ದರು. ತಲೆ ಸರಿಯಿಲ್ಲ ಅನ್ನುವವರು ಅನ್ನುತ್ತಿದ್ದರು. ಒಮ್ಮೆ ಹೀಗೇ ಸರಿಯುತ್ತ ಹೋಗಿ ದನ ನೀರು ಕುಡಿಯುವ ಕಲ್ಲುದೋಣಿಯಲ್ಲಿ ಕೂತೇಬಿಟ್ಟರು. ಮೇಲೆ ಶೇರ್ವಾನಿ, ತಲೆಗೆ ರುಮಾಲು, ಸೊಂಟದ ತನಕ ನೀರು. ಸಾಲಿ ಬಿಟ್ಟು ಬರುತ್ತಿದ್ದ ನಾವು ಬಾಯಿಗೆ ಕೈ ಅಡ್ಡ ಹಿಡಿದು ನಿಂತೆವು. ಅವರು ಎದ್ದೇಳುವ ಗೋಜಿಗೂ ಹೋಗದೆ, "ಏಳನೇ ಹೆಜ್ಜಿಗಿ ದೋಣಿ ಅದ. ಎಲ್ಲಾರೂ ಪಾಟಿ ಮ್ಯಾಲ ಬರ್ಕೋರಿ" ಅಂದರು.

ನಮ್ಮದು ನಿಜಾಮರ ರಾಜ್ಯದ ಸಾಲಿ. ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ಉರ್ದು. ಭೂಗೋಳ ಉರ್ದು, ಲೆಕ್ಕ ಉರ್ದು. ಬೈಗುಳ ಮಾತ್ರ ಕನ್ನಡದಲ್ಲಿ ಬರುತ್ತಿದ್ದವು, ಅದೊಂದು ಪುಣ್ಯ. ಅಷ್ಟು ಹುಡುಗರ ನಡುವೆ ಹುಡುಗಿ ಅಂದರೆ ನಾನೊಬ್ಬಳೇ. ಬಾಗಿಲ ಪಕ್ಕ ನನ್ನದೇ ಒಂದು ಗೋಣಿತಟ್ಟು ಹಾಸಿಕೊಂಡು ಕೂರುತ್ತಿದ್ದೆ.

ಆ ವರ್ಷ ಸೊನ್ನೆಗಿಂತ ಕಡಿಮೆ ಇರುವ ಸಂಖ್ಯೆಗಳ ಪಾಠ ಬಂತು. ಸೊನ್ನೆಗಿಂತ ಹೆಚ್ಚಿನದು ಮುಸ್ಬತ್, ಕಡಿಮೆಯದು ಮನ್ಫಿ. ನನಗೆ ಸಿಟ್ಟೇ ಬಂತು. ಡಬ್ಬಿಯಲ್ಲಿ ಬೆಲ್ಲ ಇಲ್ಲ ಅಂದರೆ ಇಲ್ಲ. ಇಲ್ಲ ಅನ್ನುವುದಕ್ಕಿಂತಲೂ ಮೂರು ಉಂಡೆ ಕಡಿಮೆ ಅಂತ ಯಾರಾದರೂ ಅನ್ನುತ್ತಾರೆಯೆ? ಹುಡುಗರೂ ಪಿಳಿಪಿಳಿ ಕಣ್ಣು ಬಿಟ್ಟರು. ಮಾಸ್ತರರು ಪುಸ್ತಕ ಮುಚ್ಚಿ ನಮ್ಮನ್ನೆಲ್ಲ ಪಡಸಾಲೆಗೆ ಕರೆದುಕೊಂಡು ಬಂದರು.

ಪಡಸಾಲೆಗೆ ಶಹಾಬಾದ್ ಕಲ್ಲು ಹಾಸಿತ್ತು, ಎಲ್ಲ ಒಂದೇ ಅಳತೆಯವು, ಸಾಲಾಗಿ. ನಟ್ಟನಡುವಿನ ಕಲ್ಲಿಗೆ ಸೊನ್ನೆ ಬರೆದರು. ಅದರ ಮುಂದಿನ ಕಲ್ಲುಗಳಿಗೆ ಸುಣ್ಣದಲ್ಲಿ ಒಂದು, ಎರಡು, ಮೂರು. ಹಿಂದಿನವಕ್ಕೆ ಕೆಮ್ಮಣ್ಣಿನಲ್ಲಿ ಒಂದು, ಎರಡು, ಮೂರು. ಬಿಳಿ ಮುಸ್ಬತ್, ಕೆಂಪು ಮನ್ಫಿ. ಮುಖ ಯಾವಾಗಲೂ ಬಿಳಿಯ ಕಡೆಗೇ ಇರಬೇಕು. ಮುಸ್ಬತ್ ಕೂಡಿಸು ಅಂದರೆ ಅಷ್ಟು ಹೆಜ್ಜೆ ಮುಂದಕ್ಕೆ, ಮನ್ಫಿ ಕೂಡಿಸು ಅಂದರೆ ಮುಖ ತಿರುಗಿಸದೆ ಅಷ್ಟು ಹೆಜ್ಜೆ ಹಿಂದಕ್ಕೆ. ಕೊನೆಗೆ ಯಾವ ಕಲ್ಲಿನ ಮೇಲೆ ನಿಂತೆಯೋ ಅದೇ ಉತ್ತರ. "ಕಾಲಿಗಿ ಉರ್ದೂನೂ ಬರಂಗಿಲ್ಲ, ಕನ್ನಡನೂ ಬರಂಗಿಲ್ಲ. ಅದಕ ಮೊದಲ ಕಾಲಿಗಿ ಕಲಸ್ರಿ, ತಲಿ ತಾನೇ ಹಿಂದಿಂದ ಬರ್ತದ" ಅನ್ನುತ್ತಿದ್ದರು. ಇಡೀ ಇಯತ್ತೆಯ ಮಕ್ಕಳು ಹಿಂದುಹಿಂದಕ್ಕೆ ನಡೆಯುವುದನ್ನು ಕಂಡು ಹೆಡ್‌ಮಾಸ್ತರರು ಇದೇನು ಕವಾಯತು ಅಂತ ಕೇಳುತ್ತ ಬಂದರು. ನಾವು ಒಳಗೆ ಹೋದ ಮೇಲೆ, ಯಾರೂ ನೋಡುತ್ತಿಲ್ಲ ಅಂದುಕೊಂಡು ತಾವೂ ಮೂರು ಕಲ್ಲು ಹಿಂದಕ್ಕೆ ಹೋಗಿ ನೋಡಿದರು. ನಾನು ಬಾಗಿಲ ಪಕ್ಕದವಳಲ್ಲವೆ, ನನಗೆ ಎಲ್ಲ ಕಾಣುತ್ತಿತ್ತು.

ವಾರದೊಳಗೆ ಎಲ್ಲರಿಗೂ ಬಂತು, ನನಗೊಬ್ಬಳಿಗೆ ಬರಲಿಲ್ಲ. ಕೆಂಪು ಮೂರರಿಂದ ಐದು ಮುಂದಕ್ಕೆ ಅಂದರೆ ಬಿಳಿ ಎರಡಕ್ಕೆ ಮುಟ್ಟಬೇಕು. ನಾನು ಬಿಳಿ ಒಂದರ ಮೇಲೆ ನಿಂತಿರುತ್ತಿದ್ದೆ. ಬಿಳಿ ಒಂದರಿಂದ ನಾಲ್ಕು ಹಿಂದಕ್ಕೆ ಅಂದರೆ ಕೆಂಪು ಮೂರು. ನಾನು ಕೆಂಪು ಎರಡರಲ್ಲೇ. ಮುಂದಕ್ಕಾಗಲಿ ಹಿಂದಕ್ಕಾಗಲಿ, ಯಾವಾಗಲೂ ಒಂದು ಕಲ್ಲು ಕಡಿಮೆ ಬೀಳುತ್ತಿತ್ತು. ಹುಡುಗರು ಕಿಸಕ್ಕನೆ ನಗುತ್ತಿದ್ದರು. ಮಾಸ್ತರರು ತಲೆ ಕೆರೆದುಕೊಳ್ಳುತ್ತಿದ್ದರು, ನನ್ನದಲ್ಲ, ತಮ್ಮದೇ.

ನನಗೆ ನಗು ಬರುವ ಹೊತ್ತಲ್ಲ ಅದು. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಗಂಡನ ಚಿಂತೆ ಅಂತಾರೆ. ನಮ್ಮ ಮನೆಯಲ್ಲಿ ಗಂಡನ ಚಿಂತೆಯೂ ಅಜ್ಜಿಗೇ ಇತ್ತು. ಆಡಕಿ ಊರಿನ ನೆಂಟರು ಆಗಲೇ ಬಂದು ಸಂಬಂಧದ ಮಾತು ಆಡಿ ಹೋಗಿದ್ದರು. ಅಪ್ಪ ಮಾತ್ರ ಹುಡುಗಿ ಓದುತ್ತದೆ, ಓದಲಿ ಅಂತ ತಡೆದಿದ್ದ. ಆದರೆ ಲೆಕ್ಕದಲ್ಲಿ ನಪಾಸಾದರೆ ಪಾಟಿ ಮೂಲೆಗೆ, ನಾನು ಒಲೆಯ ಮುಂದೆ ಅಂತ ಅವನೂ ಹೇಳಿಬಿಟ್ಟಿದ್ದ. ನನಗೆ ಹನ್ನೊಂದು ವರ್ಷ. ಸಾಲಿ ಬಿಡುವುದೆಂದರೆ ಜೀವ ಹೋದಷ್ಟು ಸಂಕಟವಾಗುತ್ತಿತ್ತು.

ಅಪ್ಪ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅಳೆಯುವ ಕೆಲಸ ಮಾಡುತ್ತಿದ್ದ. ಶುಕ್ರವಾರ ಸಾಲಿಗೆ ರಜಾ, ಅವತ್ತು ನಾನು ಅವನ ಪಕ್ಕ ಚೀಲದ ಬಾಯಿ ಹಿಡಿದು ಕೂರುತ್ತಿದ್ದೆ. ಅಂಥ ಒಂದು ಶುಕ್ರವಾರ ಮಾಸ್ತರರು ಜೋಳಕ್ಕೆ ಬಂದರು. ಅಪ್ಪ ಸೇರು ತುಂಬಿ ಚೀಲಕ್ಕೆ ಸುರಿಯುತ್ತ ರಾಗವಾಗಿ ಎಣಿಸತೊಡಗಿದ: ಲಾಭ, ಎರಡು, ಮೂರು. ಕಾಳು ಅಳೆಯುವವರು ಒಂದು ಅನ್ನುವುದಿಲ್ಲ. ಶುಭವಾಗಲಿ ಅಂತ ಮೊದಲನೆಯ ಸೇರಿಗೆ ಲಾಭ ಅನ್ನುತ್ತಾರೆ. ಮಾಸ್ತರರು ಜೋಳ ಮರೆತು ನನ್ನನ್ನೇ ದಿಟ್ಟಿಸಿದರು. ಕಲ್ಲಿನ ಮೇಲೆ ನೀನು ಹೇಗೆ ಎಣಿಸುತ್ತೀ, ಜರಾ ಜೋರಾಗಿ ಹೇಳು ಅಂದರು. ನಿಂತ ಕಲ್ಲು ಲಾಭ, ಅದರ ಮುಂದಿನದು ಎರಡು ಅಂದೆ. ಮಾಸ್ತರರು ಚಪ್ಪಾಳೆ ತಟ್ಟಿ ಗಹಗಹಿಸಿ ನಕ್ಕರು, ಅರ್ಧ ಗಂಜು ನಮ್ಮ ಕಡೆ ತಿರುಗಿತು. ತಪ್ಪು ಸಿಕ್ಕಿತು, ಅಪ್ಪನಿಂದಲೇ ಬಂದ ತಪ್ಪು ಅಂದುಬಿಟ್ಟರು. ಒಳ್ಳೆಯ ಮನುಷ್ಯರಿಗೂ ಕೆಲವು ಸಲ ಬಾಯಿ ಮುಂದಾಗುತ್ತದೆ.

ಅಪ್ಪನ ಮುಖ ಕಪ್ಪಿಟ್ಟಿತು. "ಮಾಸ್ತರ, ಈ ಗಂಜಿನ್ಯಾಗ ನನ್ನ ಎಣಿಕಿ ತಪ್ಪು ಅಂದವ್ರು ಇಲ್ಲೀತನ ಯಾರೂ ಇಲ್ಲ" ಅಂದ. ಜೋಳ ಅಳೆದು ಕೊಟ್ಟ, ಮುಖ ನೋಡಲಿಲ್ಲ. ಮನೆಗೆ ಬಂದವನು ನಾಳೆಯಿಂದ ಸಾಲಿ ಸಾಕು, ನಗೆಪಾಟಲಾಗಲಿಕ್ಕೆ ಮಗಳನ್ನು ಕಳಿಸುವುದಿಲ್ಲ ಅಂದ. ಅಜ್ಜಿ ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ನಾನು ಒಂದನ್ನೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ತರರೇ ಮನೆಗೆ ಬಂದರು. ವಾದ ಮಾಡಲಿಲ್ಲ. ತಾವು ಹಾಗೆ ನಕ್ಕದ್ದು ತಪ್ಪಾಯಿತು ಅಂದರು. ಒಮ್ಮೆ ಸಾಲಿಗೆ ಬಂದು ನೋಡಿ, ಆಮೇಲೆ ಬಿಡಿಸುವುದಾದರೆ ಬಿಡಿಸಿ ಅಂತ ಕೈ ಮುಗಿದರು. ಮಾಸ್ತರರೇ ಕೈ ಮುಗಿದರೆ ಯಾರು ಒಲ್ಲೆ ಅಂತಾರೆ? ಅಪ್ಪ ಧೂಳಿನ ಅಂಗಿಯಲ್ಲೇ ಬಂದ. ನಾನು ಹಿಂದೆ ಹಿಂದೆ.

ಮಾಸ್ತರರು ಅಪ್ಪನನ್ನು ಕೆಂಪು ಮೂರರ ಮೇಲೆ ನಿಲ್ಲಿಸಿ, ಐದು ಮುಂದಕ್ಕೆ ನಡೆಯಿರಿ ಅಂದರು. ಅಪ್ಪ ಕಾಲು ಎತ್ತದೆ, ಗಂಜಿನ ಅದೇ ದನಿಯಲ್ಲಿ, ಲಾಭ ಅಂದ. ಆಮೇಲೆ ಹೆಜ್ಜೆ ಇಡುತ್ತ ಎರಡು, ಮೂರು, ನಾಲ್ಕು, ಐದು. ಹೋಗಿ ಬಿಳಿ ಒಂದರ ಮೇಲೆ ನಿಂತ. ದಿನವೂ ನಾನು ನಿಲ್ಲುತ್ತಿದ್ದ ಕಲ್ಲು. ಆಗ ಯಾರೂ ನಗಲಿಲ್ಲ.

"ಶರಣಪ್ಪನೋರ, ನಿಮ್ಮ ಎಣಿಕಿ ತಪ್ಪಲ್ರಿ" ಅಂದರು ಮಾಸ್ತರರು ಮೆಲ್ಲಗೆ. "ಜ್ವಾಳದಾಗ ಮೊದಲನೇ ಸೇರು ಚೀಲಕ್ಕ ಬಿದ್ದಿರ್ತದ, ಅದಕ ಎಣಸ್ತೀರಿ. ಇಲ್ಲಿ ಮೊದಲನೇ ಹೆಜ್ಜಿ ಇನ್ನಾ ಬಿದ್ದೇ ಇಲ್ಲ. ನಿಂತ ಕಲ್ಲು ಎಣಿಸಬ್ಯಾಡ್ರಿ, ಇಟ್ಟ ಹೆಜ್ಜಿ ಎಣಸ್ರಿ."

ಅಪ್ಪ ಮತ್ತೆ ಕೆಂಪು ಮೂರಕ್ಕೆ ಹೋದ. ಈ ಸಲ ಕಾಲೆತ್ತಿ, ಮುಂದಿನ ಕಲ್ಲಿನ ಮೇಲೆ ಊರಿ, ಆಮೇಲೆ ಲಾಭ ಅಂದ. ಬಿಳಿ ಎರಡಕ್ಕೆ ಮುಟ್ಟಿ, ತನ್ನ ಕಾಲನ್ನೇ ನೋಡಿಕೊಂಡ. ಆಮೇಲೆ ಅವನು ಕೇಳಿದ್ದು, "ಹಿಂದಕ್ಕ ಹೋಗೋದು ಹ್ಯಾಂಗ್ರಿ?" ಅಂತ. ಮಾಸ್ತರರು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು. ಇಬ್ಬರು ದೊಡ್ಡವರು ಜೊತೆಜೊತೆಗೆ ಹಿಂದಕ್ಕೆ ನಡೆದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಅಪ್ಪ ನಗುತ್ತ ರುಮಾಲಿನಿಂದ ಬೆವರೊರೆಸಿಕೊಂಡು, ಹೋಗು, ನಿನ್ನ ಜಾಗದಾಗ ಕುಂದ್ರು ಅಂತ ನನಗೆ ಹೇಳಿ ಗಂಜಿಗೆ ಹೋದ. ಆಡಕಿಯ ನೆಂಟರಿಗೆ ಹುಡುಗಿ ಓದಲಿಕತ್ತದ ಅಂತ ಹೇಳಿ ಕಳಿಸಿದ.

ಎರಡು ವರ್ಷಕ್ಕೆ ಮಾಸ್ತರರಿಗೆ ಚಿಂಚೋಳಿ ಕಡೆ ಬದಲಿಯಾಯಿತು. ನಾನು ಓದಿದೆ, ಓದಿ ಚಿತ್ತಾಪುರದ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರಿಕೆ ಹಿಡಿದೆ. ಇನ್ನೂ ನಿಜಾಮರ ರಾಜ್ಯವೇ ಇತ್ತು. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ ಬೆಂಚಿನ ಮೇಲೆ ಅವರನ್ನು ಕಂಡೆ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಕಾಲು ಮುಟ್ಟಿ ನಮಸ್ಕಾರ ಮಾಡಿ, ಸೇಡಂದ ನೀಲಮ್ಮ ಅಂದೆ. ಏನು ಮಾಡುತ್ತಿರುವೆ ಅಂತ ಕೇಳಿದರು. ಹೇಳಿದೆ.

"ಎಷ್ಟು ಹುಡುಗ್ಯಾರವ್ವ ನಿನ್ನ ಸಾಲ್ಯಾಗ?"

"ಹನ್ನೊಂದು ಮಂದಿ ಅವ್ರರಿ."

ಮಾಸ್ತರರು ಹನ್ನೊಂದು ಅಂತ ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ನಕ್ಕರು. "ನನಗ ಒಬ್ಬಾಕೇ ಇದ್ದಳು. ಅಕೀನ ಉಳಿಸ್ಕೊಳ್ಳೂದ್ರಾಗೇ ಸಾಕಾಗಿ ಹೋಗಿತ್ತು ನನಗ" ಅಂದರು. ನಾನೂ ನಕ್ಕೆ, ಕಣ್ಣೊರೆಸಿಕೊಂಡೆ. ಅವರ ಗಾಡಿ ಮೊದಲು ಬಂತು. ಕೈ ಹಿಡಿದು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿದೆ.

ಮುಂದಿನ ವರ್ಷ ಅವರ ಊರು ಕೊಡ್ಲಿಯಿಂದ ಬಂದವರೊಬ್ಬರು ಮಾಸ್ತರರು ತೀರಿಹೋದರು ಅಂತ ಹೇಳಿದರು. ಮರುದಿನ ಸಾಲಿಗೆ ಹೋಗಿ ಹಾಜರಿ ಪುಸ್ತಕ ತೆರೆದೆ. ಒಂದೊಂದೇ ಹೆಸರನ್ನು ನಿಧಾನವಾಗಿ ಕರೆದೆ. ಹನ್ನೊಂದು ಮಂದಿಯೂ ಬಂದಿದ್ದರು.