ಕಾಕಾ ಕೊಯ್ದು ಕಟ್ಟಿದ ಫಿಲ್ಟರುಗಳು

ಸುಟ್ಟ ಎಂಜಿನ್ ಆಯಿಲಿನ ವಾಸನೆ ಒಮ್ಮೆ ಮೂಗಿಗೆ ಹತ್ತಿತೆಂದರೆ ಸೋಪು ಹಚ್ಚಿ ತೊಳೆದರೂ ಸಂಜೆಯತನಕ ಬಿಡುವುದಿಲ್ಲ. ಮೊನ್ನೆ ನವನಗರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಆಯಿಲ್ ಫಿಲ್ಟರನ್ನು ಕೊಯ್ದು ತೋರಿಸಿದಾಗ ಬಂದದ್ದು ಅದೇ ವಾಸನೆ. ಹಾಕಿಸಿ ಬಹಳ ದಿನವೂ ಆಗಿರಲಿಲ್ಲ. ಒಳಗಿನ ಕಾಗದ ಅಂಚಿನಿಂದ ಕಿತ್ತು, ನೆಂದ ಹಪ್ಪಳದಂತೆ ಮುದ್ದೆಯಾಗಿ ಕೂತಿತ್ತು. ಎಂಜಿನ್ನಿನ ಹೊಲಸು ಹಿಡಿಯಬೇಕಾದದ್ದು ತಾನೇ ಚೂರುಚೂರಾಗಿ ಎಂಜಿನ್ನಿಗೆ ಹೊಲಸು ಕಳಿಸಿತ್ತು. ಬಾದಾಮಿಗೆ ಪ್ರವಾಸಿಗರನ್ನು ಕರೆದೊಯ್ದು ಹೊಟ್ಟೆ ಹೊರೆಯುವವನು ನಾನು. ಈ ಕಾರು ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ. ನನಗೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಯಿತು. ಆಗ ನೆನಪಾದವರು ಹುನಗುಂದದ ಅಂಗಡಿ ಕಾಕಾ.

ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಮೋಟಾರ್ ಸಾಮಾನಿನ ಅಂಗಡಿ ಇತ್ತು. ಮುಖ ಸದಾ ಹಾಗಲಕಾಯಿ ತಿಂದವರದ್ದು. ಹೊಸ ಕಂಪನಿಯ ಫಿಲ್ಟರ್ ಹಿಡಿದು ಏಜೆಂಟ್ ಬಂದನೆಂದರೆ ಅವನಿಗೊಂದು ಚಹಾ ಹೇಳಿ, ಅವನೆದುರಿಗೇ ಗರಗಸ ಹಚ್ಚಿ ಡಬ್ಬಿಯಂಥ ಆ ಫಿಲ್ಟರಿನ ಹೊಟ್ಟೆ ಸೀಳುತ್ತಿದ್ದರು. ಇಳಕಲ್ಲಿನಲ್ಲಿ ಸೀರೆಯ ಒಳಮೈ ತಿರುವಿ ನೋಡದೆ ಯಾರೂ ಕೊಳ್ಳುವುದಿಲ್ಲವಲ್ಲ, ಹಾಗೆ. ಕಾಗದದ ನಿರಿಗೆ ಒಂದೇ ಸಮ ಇದೆಯೋ, ತುದಿಗೆ ಹಾಕಿದ್ದು ತಗಡೋ ಬರೀ ರಟ್ಟೋ, ಅಂಟು ಸುತ್ತಲೂ ಹಿಡಿದಿದೆಯೋ ಅಲ್ಲೊಂದು ಇಲ್ಲೊಂದು ಹನಿಯೋ... ಎಲ್ಲವನ್ನೂ ಬೆರಳಿನಿಂದ ಎಳೆದೆಳೆದು ನೋಡುವರು.

"ಹೊರಗ ಮದುವಿ ಮನಿ ಬಣ್ಣ, ಒಳಗ ರದ್ದಿ. ಛೀ! ಇದನ್ನ ಮಾಡಿದಾವ ತನ್ನ ಗಾಡಿಗೆ ಹಾಕ್ತಾನೇನ್ರಿ?" ಎನ್ನುವರು. ಏಜೆಂಟ್ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಕೊಯ್ದ ಫಿಲ್ಟರನ್ನು ಮಾತ್ರ ಅವರು ಬಿಸಾಡುತ್ತಿರಲಿಲ್ಲ. ಸೀಳಿದ ಹೊಟ್ಟೆ ರಸ್ತೆಗೆ ಕಾಣುವಂತೆ ತಂತಿಯಿಂದ ಬಾಗಿಲಿಗೆ ನೇತುಹಾಕುತ್ತಿದ್ದರು. ಈ ಮಾಲು ನನ್ನಲ್ಲಿ ಕೇಳಬೇಡಿ ಎಂದು ಅದರರ್ಥ. ಅದು ಗೊತ್ತಿಲ್ಲದ ಡ್ರೈವರೊಬ್ಬ ಒಂದು ಅಮಾವಾಸ್ಯೆಯ ದಿನ, ದೃಷ್ಟಿಗೆ ಕಟ್ಟಿದ್ದೆಂದು ತಿಳಿದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಕಾಕಾ ಗಲ್ಲೆ ಬಿಟ್ಟು ಎದ್ದೇ ಬಂದರು.

"ಲೇ, ಅದಕ್ಕ ಕೈ ಮುಗೀಬ್ಯಾಡೋ... ಉಗುಳು ಅದಕ್ಕ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಕಾಕಾ ನಗಲಿಲ್ಲ.

ಅವರು ಮೆಚ್ಚಿದ್ದು ಒಂದೇ ಕಂಪನಿಯ ಫಿಲ್ಟರು. "ಇದು ಚಲೋ ಐತಿ, ಒಯ್ಯಿ" ಎಂದರೆ ಮುಗಿಯಿತು, ಯಾರೂ ಮರುಮಾತಾಡುತ್ತಿರಲಿಲ್ಲ. ಆ ಒಂದು ಮಾತಿನ ಮೇಲೆಯೇ ಅವರ ಅಂಗಡಿ ನಿಂತಿತ್ತು. ಎದುರಿಗೆ ಹೊಸ ಅಂಗಡಿಯಾಗಿ, ಬೇಕಾದ ಬಣ್ಣದ ಡಬ್ಬಿ ಅಗ್ಗಕ್ಕೆ ಸಿಗತೊಡಗಿದಾಗಲೂ ನಮ್ಮಂಥವರು ಕಾಕಾರನ್ನು ಬಿಡಲಿಲ್ಲ.

ಒಂದು ದಿನ ಎಂಜಿನ್ ಕಟಕಟ ಎನ್ನುತ್ತಿದೆ ಎಂದು ಅವರ ಹತ್ತಿರ ಹೋದೆ. ನನ್ನ ಗಾಡಿಯಲ್ಲಿದ್ದದ್ದು ಅವರೇ ಕೊಟ್ಟ ಫಿಲ್ಟರು. ಬಿಚ್ಚಿ ಕೊಯ್ದರು. ತಗಡಿನ ಜಾಗದಲ್ಲಿ ರಟ್ಟು ಬಂದಿತ್ತು, ನಿರಿಗೆಗಳು ಬಾಯಿ ಬಿಟ್ಟಿದ್ದವು. ಕಪಾಟಿನಿಂದ ಹೊಸದೊಂದನ್ನು ತೆಗೆದು ಕೊಯ್ದರು. ಅದೂ ಹಾಗೆಯೇ. ಹೆಸರು ಅದೇ, ಬಣ್ಣ ಅದೇ, ಒಳಗಿನದು ಮಾತ್ರ ಯಾವಾಗಲೋ ಬದಲಾಗಿಬಿಟ್ಟಿತ್ತು. ಕಾಕಾ ಎದ್ದು, ತಂತಿ ಹುಡುಕಿ, ಅದನ್ನೂ ತಮ್ಮ ಕೈಯಾರೆ ಬಾಗಿಲಿಗೆ ಕಟ್ಟಿದರು.

"ಇನ್ನ ಮಂದಿಗೆ ನಾ ಏನಂತ ಹೇಳಿ ಕೊಡ್ಲಿ?" ಎಂದರು.

ಕೊಡಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಡಿಯ ಶಟರ್ ಇಳಿಯಿತು. ಅದಾದ ಮೇಲೆ ಅವರು ಬಹಳ ವರ್ಷ ಬದುಕಲಿಲ್ಲ. ಅವರನ್ನು ಮಣ್ಣು ಮಾಡುವಾಗ ಹೋಗಿದ್ದೆನೋ ಇಲ್ಲವೋ... ಬನಶಂಕರಿಗೆ ಬಾಡಿಗೆ ಇತ್ತೇನೋ ಅಂದು.

ಮೊನ್ನೆ ಹಾಳಾದ ಫಿಲ್ಟರನ್ನು ನಾನು ಕೊಂಡದ್ದು ಆ ಎದುರು ಅಂಗಡಿಯಲ್ಲೇ. ಗ್ಯಾರೇಜಿನಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿ ಹುನಗುಂದಕ್ಕೆ ಜಗಳಕ್ಕೆಂದೇ ಹೋದೆ. ಅಂದು ಅಮಾವಾಸ್ಯೆ. ಅಂಗಡಿಯವನು ಬಾಗಿಲಿಗೆ ಊದಿನಕಡ್ಡಿ ಬೆಳಗುತ್ತಿದ್ದ. ಲಿಂಬೆಹಣ್ಣು, ಮೆಣಸಿನಕಾಯಿಯ ನಡುವೆ ಹೊಳೆಯುವ ಹೊಸ ಫಿಲ್ಟರೊಂದು ತೂಗುತ್ತಿತ್ತು. ಇದೇನಿದು ಎಂದೆ.

"ದೃಷ್ಟಿಗ್ರಿ. ಎದುರಿನ ಕಾಕಾ ಕಟ್ತಿದ್ರಲ್ರಿ, ಅದಕ್ಕ ಅವರ ಅಂಗಡಿ ಅಷ್ಟ ವರ್ಷ ನಡೀತ ನೋಡ್ರಿ. ಈಗ ನಾವೂ ಕಟ್ಟೇವಿ."

ನಾನು ಉಗುಳಿದೆ. ಬೇಕೆಂತಲೇ, ಅದರ ಕೆಳಗೇ ಉಗುಳಿದೆ.

"ಏನ್ರೀ, ಅಂಗಡಿ ಮುಂದ ಹಿಂಗ ಉಗುಳ್ತಾರೇನ್ರಿ!" ಎಂದು ಅವನು ಹಾರಿಬಿದ್ದ. ನಾನೂ ಚೀಲದೊಳಗಿನದನ್ನು ಗಲ್ಲೆಯ ಮೇಲೆ ಸುರುವಿ, ಬಾಯಿಗೆ ಬಂದದ್ದೆಲ್ಲ ಅಂದೆ. ಅವನದು ಒಂದೇ ಮಾತು, "ಈಗ ಎಲ್ಲಾ ಹಿಂಗ ಬರ್ತಾವ್ರಿ."

ಬೈದು ಸುಸ್ತಾದ ಮೇಲೆಯೂ ಕಾರು ಗ್ಯಾರೇಜಿನಲ್ಲೇ ನಿಂತಿತ್ತಲ್ಲ. ಇದ್ದುದರಲ್ಲಿ ಚಲೋ ಯಾವುದು ಎಂದು ಅವನನ್ನೇ ಕೇಳಿದೆ. ಅವನು ಒಂದು ಡಬ್ಬಿಯ ಧೂಳು ಒರೆಸಿ ಕೈಗಿಟ್ಟ. ತಿರುವಿ ತಿರುವಿ ನೋಡಿದೆ, ಬಣ್ಣ ಚೆನ್ನಾಗಿತ್ತು. ಕೊಯ್ದರೆ ಗಾಡಿಗೆ ಹಾಕಲು ಬರುವುದಿಲ್ಲ. ನಮ್ಮ ಸಲುವಾಗಿ ಒಂದನ್ನು ಕೊಯ್ದು ನೋಡಿ ಹೇಳುವವರು ಈಗ ಊರಲ್ಲಿ ಇಲ್ಲ.